ಮ್ಯಾರಥಾನ್‌ಗೆ ಈಗಲೇ ಏಕೆ ಅವಸರ?

ಪ್ರಶ್ನೆ: ನನಗೆ 23 ವರ್ಷ. ಪದವಿಯ ಅಷ್ಟೂ ವರ್ಷ ಕಾಲೇಜು ತಂಡದಲ್ಲಿ ದೂರದ ಓಟಗಾರ್ತಿಯಾಗಿದ್ದೆ. 5,000 ಮೀಟರಿನಲ್ಲಿ ನನ್ನ ಅತ್ಯುತ್ತಮ ಸಮಯ 17 ನಿಮಿಷ 40 ಸೆಕೆಂಡು. ಕೊನೆಯ ವರ್ಷದ ಕೂಟದಲ್ಲಿ ಇನ್ನೂ ವೇಗವಾಗಿ ಓಡುವ ನಂಬಿಕೆ ಇತ್ತು. ಆದರೆ ತಂಡಕ್ಕೆ ಅಂಕ ಬೇಕೆಂದು ಹಿಂದಿನ ಸಂಜೆ 10,000 ಮೀಟರಿಗೂ ಇಳಿಸಿದರು. ಮರುದಿನ ಕಾಲು ಏಳಲಿಲ್ಲ, ಆರನೆಯವಳಾಗಿ ಮುಗಿಸಿದೆ. ಆ ಕೊರಗು ಇನ್ನೂ ಹೋಗಿಲ್ಲ.

ಈಗ ಕೆಲಸಕ್ಕೆ ಸೇರಿ ಒಂದು ವರ್ಷವಾಗಿದೆ. ವಾರಕ್ಕೆ 70 ಕಿ.ಮೀ. ಓಡುತ್ತಿದ್ದವಳು ಈಗ 30 ದಾಟಿದರೆ ಹೆಚ್ಚು. ಮೂರು ತಿಂಗಳಲ್ಲಿ ಮೂರು ಹಾಫ್ ಮ್ಯಾರಥಾನ್ (ಸುಮಾರು 21 ಕಿ.ಮೀ.) ಓಡಿದೆ: 1 ಗಂಟೆ 27 ನಿಮಿಷ, ನಂತರ 1:29, ಕೊನೆಯದು 1:31. ನನ್ನ ಜೊತೆ ತಂಡದಲ್ಲಿದ್ದ ಗೆಳತಿ ಮ್ಯಾರಥಾನ್‌ಗೆ ಹೋಗಿ ಹೆಸರು ಮಾಡುತ್ತಿದ್ದಾಳೆ. ಟ್ರ್ಯಾಕ್ ಓಟವೆಲ್ಲ ಕಾಲೇಜಿಗೇ ಮುಗಿಯಿತು, ನೀನೂ ಬಾ ಎನ್ನುತ್ತಾಳೆ. ನಾಲ್ಕು ತಿಂಗಳ ನಂತರದ ಒಂದು ಮ್ಯಾರಥಾನ್‌ಗೆ ಹಣ ಕಟ್ಟಿದ್ದೇನೆ. ಓಟ ಕಡಿಮೆಯಾದ್ದರಿಂದ ತೂಕ ಏರದಿರಲಿ ಎಂದು ಊಟ ಕಡಿಮೆ ಮಾಡಿದ್ದೇನೆ. ಕೆಲವು ತಿಂಗಳಿಂದ ಮುಟ್ಟಾಗಿಲ್ಲ, ಓಟಗಾರ್ತಿಯರಿಗೆ ಅದು ಸಾಮಾನ್ಯವಲ್ಲವೇ? ಹಳೆಯ ಕೋಚ್ ವಾರಕ್ಕೊಮ್ಮೆ ಬಂದು ತಂಡದ ಜೊತೆ ಓಡು ಎಂದು ಸಂದೇಶ ಕಳಿಸಿದ್ದಾರೆ, ಉತ್ತರಿಸಲು ಮುಜುಗರ. ಅಪ್ಪ ಅಮ್ಮ, ಓದು ಮುಗಿದ ಮೇಲೆ ಇದೆಲ್ಲ ಏಕೆ ಎನ್ನುತ್ತಾರೆ. ನಾನು ಇನ್ನೂ ಸ್ಪರ್ಧಿಯೇ, ಅಥವಾ ಬೆಳಿಗ್ಗೆ ಎದ್ದು ಸುಮ್ಮನೆ ಓಡುವವಳೇ? — ಹೆಸರು ಬೇಡ

ಉತ್ತರ: ಮ್ಯಾರಥಾನ್, ಗೆಳತಿ, ಕೋಚ್ ಎಲ್ಲವನ್ನೂ ವಿವರವಾಗಿ ಬರೆದು ಮುಟ್ಟಿನ ವಿಷಯವನ್ನು ಒಂದೇ ವಾಕ್ಯದಲ್ಲಿ ದಾಟಿಸಿಬಿಟ್ಟಿದ್ದೀರಿ. ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ಓಟಗಾರ್ತಿಯರಲ್ಲಿ ಅದು ಆಗಾಗ ಕಾಣುವಂಥದ್ದು, ನಿಜ. ಹಾಗೆಂದು ಅದು ಸಹಜವಲ್ಲ. ತಿನ್ನುವುದಕ್ಕಿಂತ ಖರ್ಚು ಹೆಚ್ಚಾದಾಗ ದೇಹ ತನಗೆ ಸದ್ಯಕ್ಕೆ ತುರ್ತಲ್ಲ ಎನಿಸಿದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ, ಸಂತಾನಕ್ಕೆ ಸಂಬಂಧಿಸಿದ ಹಾರ್ಮೋನುಗಳ ಕೆಲಸ ಅವುಗಳಲ್ಲಿ ಮೊದಲಿನದು. ಆ ಹಾರ್ಮೋನುಗಳಲ್ಲೊಂದಾದ ಈಸ್ಟ್ರೋಜನ್ ಕುಸಿದರೆ ಮೂಳೆ ಸವೆಯುತ್ತದೆ. ದಣಿವು ಆರುವುದಿಲ್ಲ, ಪಾದ ಮತ್ತು ಮೊಣಕಾಲಿನ ಕೆಳಗಿನ ಮೂಳೆಗಳಲ್ಲಿ ಸಣ್ಣ ಬಿರುಕು ಕಾಣಿಸಿಕೊಳ್ಳುತ್ತದೆ. ಹೀಗೆ ಕ್ರೀಡಾಪಟುಗಳ ದೇಹಕ್ಕೆ ಶಕ್ತಿ ಸಾಲದೆ ಆಗುವ ತೊಂದರೆಗಳನ್ನೆಲ್ಲ ಒಟ್ಟಾಗಿ ಗುರುತಿಸಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಎಚ್ಚರಿಸಿದೆ. ಇದು ತೀರಾ ತೆಳ್ಳಗಿರುವವರಿಗೆ ಮಾತ್ರ ಬರುವ ತೊಂದರೆಯೂ ಅಲ್ಲ, ತೂಕ ಇಳಿಯದೆಯೂ ಬರಬಹುದು.

ಮೂರು ತಿಂಗಳು ಮುಟ್ಟಾಗದಿದ್ದರೆ ವೈದ್ಯರನ್ನು ಕಾಣಲೇಬೇಕು. ನೀವು ಈ ವಾರವೇ ಹೋಗಿ. ಓಡುತ್ತೀರಿ ಎಂಬುದನ್ನೂ ಊಟ ಕಡಿಮೆ ಮಾಡಿದ್ದೀರಿ ಎಂಬುದನ್ನೂ ಮುಚ್ಚಿಡದೆ ಹೇಳಿ. ರಕ್ತದಲ್ಲಿ ಹಿಮೋಗ್ಲೋಬಿನ್ ಜೊತೆಗೆ ದೇಹದ ಕಬ್ಬಿಣದ ಸಂಗ್ರಹ ಎಷ್ಟಿದೆಯೆಂದು ತೋರಿಸುವ ಫೆರಿಟಿನ್ ಕೂಡ ನೋಡಿಸಿ. ಕಬ್ಬಿಣದ ಸಂಗ್ರಹ ಬರಿದಾಗುತ್ತಾ ಬಂದರೂ ಹಿಮೋಗ್ಲೋಬಿನ್ ಸರಿಯಾಗಿಯೇ ಕಾಣುವುದುಂಟು. ನಿಮ್ಮ ಸಮಯ 1:27ರಿಂದ 1:31ಕ್ಕೆ ಜಾರಿದ್ದಕ್ಕೆ ನೀವು ಮನಸ್ಸಿನ ದೌರ್ಬಲ್ಯವನ್ನು ಹಳಿದುಕೊಳ್ಳುತ್ತಿರಬಹುದು. ಕಡಿಮೆ ಊಟ, ಕಡಿಮೆ ಅಭ್ಯಾಸ, ತಿಂಗಳಿಗೊಂದು ದೀರ್ಘ ಸ್ಪರ್ಧೆ, ಈ ಮೂರೂ ಸೇರಿದರೆ ಎಂಥ ಗಟ್ಟಿ ಮನಸ್ಸಿನವರೂ ನಿಧಾನವಾಗುತ್ತಾರೆ.

ಅಮೆರಿಕದ ಮೋಲಿ ಸೈಡಲ್ ಅವರ ವಿಷಯ ನಿಮಗೆ ತಿಳಿದಿರಲಿ. 2015ರಲ್ಲಿ ಅಲ್ಲಿನ ಕಾಲೇಜು ಓಟಗಾರ್ತಿಯರ 10,000 ಮೀಟರ್ ಮತ್ತು ಕ್ರಾಸ್ ಕಂಟ್ರಿ (ಬಯಲು, ಗುಡ್ಡಗಳ ಮೇಲಿನ ಓಟ) ಎರಡರಲ್ಲೂ ಚಾಂಪಿಯನ್ ಆದವರು. ಕಾಲೇಜು ಮುಗಿದಾಗ ಎದುರಿಗಿದ್ದ ಅವಕಾಶಗಳನ್ನು ಬದಿಗಿಟ್ಟು, ಊಟಕ್ಕೆ ಸಂಬಂಧಿಸಿದ ಕಾಯಿಲೆಗೆ ಚಿಕಿತ್ಸೆ ಪಡೆಯಲು ಹೋದರು. ಅದನ್ನು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. 2020ರ ಫೆಬ್ರವರಿಯಲ್ಲಿ ಮೊದಲ ಬಾರಿಗೆ ಮ್ಯಾರಥಾನ್ ಓಡಿ ಒಲಿಂಪಿಕ್ ಆಯ್ಕೆಯಲ್ಲಿ ಎರಡನೆಯವರಾದರು. ಆಗ ಅವರು ಕಾಫಿ ಅಂಗಡಿಯಲ್ಲೂ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲೂ ದುಡಿಯುತ್ತಿದ್ದರು. ಮರುವರ್ಷ ಟೋಕಿಯೊ ಕ್ರೀಡಾಕೂಟದ ಮ್ಯಾರಥಾನ್‌ನಲ್ಲಿ ಕಂಚು ಗೆದ್ದರು. ಮೊದಲ ಮ್ಯಾರಥಾನ್‌ನಲ್ಲೇ ಹೀಗಾದದ್ದನ್ನು ನೋಡಿ ನಿಮ್ಮ ಗೆಳತಿ ಹೇಳಿದ್ದೇ ಸರಿ ಎನ್ನಿಸಬಹುದು. ಆದರೆ ಅದಕ್ಕೂ ಮುಂಚಿನ ವರ್ಷಗಳನ್ನು ನೋಡಿ. ಆರೋಗ್ಯ ಮೊದಲು ಬಂತು, ಓಟ ಆಮೇಲೆ.

ಈಗ ಯಾವ ಓಟ ಎಂಬ ಪ್ರಶ್ನೆ. ಕಾಲೇಜಿನಲ್ಲಿ ಈ ಪ್ರಶ್ನೆ ನಿಮಗೆ ಎದುರಾಗಿರಲೇ ಇಲ್ಲ. ಯಾವ ಕೂಟಕ್ಕೆ ಹೋಗಬೇಕು, ಯಾವ ದೂರ ಓಡಬೇಕು, ಯಾವಾಗ ವಿಶ್ರಾಂತಿ ಎಂಬುದನ್ನೆಲ್ಲ ವೇಳಾಪಟ್ಟಿ ಮತ್ತು ಕೋಚ್ ನಿರ್ಧರಿಸುತ್ತಿದ್ದರು. ಕೆಲವೊಮ್ಮೆ ತಪ್ಪಾಗಿಯೂ ನಿರ್ಧರಿಸಿದರು. ಹಿಂದಿನ ಸಂಜೆ ಇಪ್ಪತ್ತೈದು ಸುತ್ತು ಓಡಿಸಿ ಮರುದಿನ ಹನ್ನೆರಡೂವರೆ ಸುತ್ತಿಗೆ ನಿಲ್ಲಿಸಿದರೆ ಯಾರ ಕಾಲಾದರೂ ಏಳುತ್ತಿರಲಿಲ್ಲ. ತಂಡಕ್ಕಾಗಿ ನೀವು ಕೊಟ್ಟದ್ದು ದೊಡ್ಡದು, ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ಕೊರಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಮಾತು: ನಿಮ್ಮ ಬಾಕಿ ಉಳಿದಿರುವುದು 5,000 ಮೀಟರಿನಲ್ಲಿ. 42 ಕಿ.ಮೀ. ಓಡಿ ಅದನ್ನು ತೀರಿಸಲಾಗದು.

ಕೋಚ್ ಇಲ್ಲದಾಗ ಭಾನುವಾರದ ರಸ್ತೆ ಓಟಗಳು ಬಂದು ಆ ಖಾಲಿ ಜಾಗವನ್ನು ತುಂಬಿಬಿಡುತ್ತವೆ. ಅವುಗಳಿಗೆ ಋತುವಿಲ್ಲ, ಕೊನೆಯಿಲ್ಲ. ಒಂದರಲ್ಲಿ ಸೋತರೆ ಇನ್ನೊಂದರಲ್ಲಿ ಸರಿಪಡಿಸೋಣ ಎಂದು ಮತ್ತೆ ಹೆಸರು ಕೊಡುತ್ತೇವೆ. ನಿಮ್ಮ ಮೂರು ಹಾಫ್ ಮ್ಯಾರಥಾನ್‌ಗಳೂ ಹೀಗೆಯೇ ಬಂದಿರಬೇಕು. ಪ್ರತಿ ಹಾಫ್ ಮ್ಯಾರಥಾನ್‌ಗೂ ಮುಂಚೆ ಕೆಲವು ದಿನ ಅಭ್ಯಾಸ ತಗ್ಗಿಸಬೇಕು, ಮುಗಿದ ಮೇಲೆ ಒಂದೆರಡು ವಾರ ಚೇತರಿಸಿಕೊಳ್ಳಬೇಕು. ತಿಂಗಳಿಗೊಂದರಂತೆ ಓಡಿದರೆ ನಿಜವಾದ ಅಭ್ಯಾಸಕ್ಕೆ ಉಳಿಯುವುದೆಷ್ಟು?

ನಿಮ್ಮ ಸಾಮರ್ಥ್ಯ ಎಲ್ಲಿದೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಅಮೆರಿಕದ ಎಂಜಿನಿಯರ್ ಪೀಟರ್ ರೀಗಲ್ ಎಂಬುವರು 1977ರಲ್ಲಿ ಪ್ರಕಟಿಸಿದ ಒಂದು ಸರಳ ಸೂತ್ರವನ್ನು ಓಟಗಾರರು ಇಂದಿಗೂ ಬಳಸುತ್ತಾರೆ. ದೂರ ಇಮ್ಮಡಿಯಾದರೆ ಸಮಯ ಸುಮಾರು 2.08 ಪಟ್ಟಾಗುತ್ತದೆ ಎಂಬುದು ಅದರ ತಿರುಳು. ನಿಮ್ಮ 17:40ನ್ನು ಅದಕ್ಕೆ ಹಾಕಿದರೆ 10,000 ಮೀಟರಿಗೆ 36 ನಿಮಿಷ 50 ಸೆಕೆಂಡು, ಹಾಫ್ ಮ್ಯಾರಥಾನ್‌ಗೆ 1 ಗಂಟೆ 21 ನಿಮಿಷ, ಮ್ಯಾರಥಾನ್‌ಗೆ 2 ಗಂಟೆ 49 ನಿಮಿಷದ ಆಸುಪಾಸು ಬರುತ್ತದೆ. ಆದರೆ ಆಯಾ ದೂರಕ್ಕೆ ಬೇಕಾದ ಅಭ್ಯಾಸ ನೀವು ಮಾಡಿದ್ದೀರಿ ಎಂದು ಆ ಸೂತ್ರ ಭಾವಿಸಿಕೊಳ್ಳುತ್ತದೆ. ವಾರಕ್ಕೆ 30 ಕಿ.ಮೀ. ಓಡುವವರಿಗೆ ಅದು ಸುಳ್ಳು ಆಸೆ ತೋರಿಸುತ್ತದೆ, ಮ್ಯಾರಥಾನ್‌ನಲ್ಲಂತೂ ಖಂಡಿತ. ಮೂವತ್ತು ಕಿಲೋಮೀಟರಿನ ಆಚೆ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಬರಿದಾಗುವ ಹೊತ್ತಿಗೆ ಕೆಲಸಕ್ಕೆ ಬರುವುದು ತಿಂಗಳುಗಟ್ಟಲೆ ಮಾಡಿದ ದೀರ್ಘ ಓಟಗಳು, ಹಳೆಯ ವೇಗವಲ್ಲ. ಮೂಳೆಗೇ ಪೆಟ್ಟು ಬಿದ್ದಿರಬಹುದಾದ ಸ್ಥಿತಿಯಲ್ಲಿ ಮ್ಯಾರಥಾನ್‌ಗಾಗಿ ನಾಲ್ಕು ತಿಂಗಳಲ್ಲಿ ವಾರಕ್ಕೆ 30ರಿಂದ 80 ಕಿ.ಮೀ.ಗೆ ಏರುವುದನ್ನು ನಾನು ಒಪ್ಪಲಾರೆ. ಉಸಿರಾಟ, ಹೃದಯ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು.

ಮುಂದೆ ಮ್ಯಾರಥಾನ್‌ನ ದಿಗ್ಗಜರಾದ ಕೆನ್ಯಾದ ಎಲಿಯುಡ್ ಕಿಪ್ಚೋಗೆ 2003ರಲ್ಲಿ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನ 5,000 ಮೀಟರ್ ಗೆದ್ದಾಗ ಹದಿನೆಂಟರ ಹುಡುಗ. ಅಲ್ಲಿಂದ ಸುಮಾರು ಹತ್ತು ವರ್ಷ ಟ್ರ್ಯಾಕ್ ಬಿಡಲಿಲ್ಲ. 2012ರ ಒಲಿಂಪಿಕ್ ತಂಡಕ್ಕೆ ಆಯ್ಕೆಯಾಗದೆ ಹೋದ ಮೇಲೆ ರಸ್ತೆಗೆ ಬಂದರು, 2013ರಲ್ಲಿ ಹ್ಯಾಂಬರ್ಗ್‌ನಲ್ಲಿ ಮೊದಲ ಮ್ಯಾರಥಾನ್ ಓಡಿದರು. ದೂರದ ಓಟಕ್ಕೆ ಬೇಕಾದ ಆಮ್ಲಜನಕ ಬಳಸುವ ಶಕ್ತಿ ವರ್ಷವರ್ಷಕ್ಕೂ ಬೆಳೆಯುತ್ತದೆ. ವೇಗವನ್ನು ಚಿಕ್ಕ ವಯಸ್ಸಿನಲ್ಲಿ ಗಳಿಸಿಕೊಂಡರೆ ಅದು ಮುಂದೆ ಉದ್ದದ ಓಟಕ್ಕೂ ಆಗುತ್ತದೆ. ನಿಮಗೆ 23. ಮ್ಯಾರಥಾನ್ ಎಲ್ಲಿಗೂ ಓಡಿಹೋಗುವುದಿಲ್ಲ. ಟ್ರ್ಯಾಕ್ ಕಾಲೇಜಿಗೇ ಮುಗಿಯಿತೆಂಬ ಗೆಳತಿಯ ಮಾತು ಅವಳ ಅನುಭವಕ್ಕೆ ನಿಜವಿರಬಹುದು, ನಿಮಗೆ ಅನ್ವಯಿಸಬೇಕಿಲ್ಲ.

ಹಾಗಾಗಿ ನನ್ನ ಸಲಹೆ ಇದು. ವೈದ್ಯರು ಒಪ್ಪಿದ ಮೇಲೆ, ಹೊಟ್ಟೆ ತುಂಬ ಊಟ ಮತ್ತೆ ಅಭ್ಯಾಸವಾದ ಮೇಲೆ, ಎರಡು ವರ್ಷ 5,000 ಮತ್ತು 10,000 ಮೀಟರಿಗೆ ಕೊಡಿ. ವರ್ಷಕ್ಕೆ ಎರಡೇ ಗುರಿ ಸ್ಪರ್ಧೆ. ಉಳಿದವು ಅವುಗಳತ್ತ ಒಯ್ಯುವ ಮೆಟ್ಟಿಲುಗಳು: ಒಂದು ಕ್ರಾಸ್ ಕಂಟ್ರಿ, ಒಂದೆರಡು 1,500 ಮೀಟರ್, ಒಂದು 10 ಕಿ.ಮೀ. ರಸ್ತೆ ಓಟ. ಪ್ರತಿ ಗುರಿಯ ನಂತರ ಎರಡು ವಾರ ಗಡಿಯಾರ ಕಟ್ಟದೆ ಓಡಿ, ಅಥವಾ ಓಡಲೇಬೇಡಿ.

ಸ್ಪರ್ಧೆ ಆರಿಸುವಾಗ ದೂರಕ್ಕಿಂತ ಮೊದಲು ನೋಡಬೇಕಾದದ್ದು ಪಕ್ಕದಲ್ಲಿ ಯಾರು ಓಡುತ್ತಾರೆ ಎಂಬುದು. ಇದನ್ನು ಹೊಸಬರು ಗಮನಿಸುವುದೇ ಇಲ್ಲ. ಸುಲಭವಾಗಿ ಗೆಲ್ಲುವ ಓಟಗಳನ್ನೇ ಹುಡುಕಿ ಹೋದರೆ ಪದಕಗಳು ಸೇರುತ್ತವೆ, ಸಮಯ ಸುಧಾರಿಸುವುದಿಲ್ಲ. ಮೊದಲ ಕಿಲೋಮೀಟರಿನಲ್ಲೇ ಎಲ್ಲರೂ ಬಿಟ್ಟುಹೋಗುವ ಓಟದಲ್ಲೂ ಒಬ್ಬಂಟಿಯಾಗುತ್ತೀರಿ. ಹೆಸರು ಕೊಟ್ಟವರ ಸಮಯಗಳ ನಡುವೆ ನಿಮ್ಮ ಸಮಯ ಬೀಳುವ ಓಟ ನಿಮಗೆ ಬೇಕು. ಬ್ರಿಟನ್ನಿನ ಓಟಗಾರ ರೋಜರ್ ಬ್ಯಾನಿಸ್ಟರ್ 1954ರಲ್ಲಿ ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದ ಮೊದಲಿಗರಾದದ್ದೂ ಇಬ್ಬರು ಗೆಳೆಯರು ಮುಂದೆ ಓಡಿ ವೇಗ ಕಾಯ್ದುಕೊಟ್ಟಾಗ. ಇನ್ನೊಂದು ವಿಷಯ: ಚಾಂಪಿಯನ್‌ಷಿಪ್ ಓಟದಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕಾಯುತ್ತಾ ಕೊನೆಯ ಸುತ್ತಿನಲ್ಲಿ ನುಗ್ಗುತ್ತಾರೆ, ಅಲ್ಲಿ ಸ್ಥಾನ ಮುಖ್ಯ. ಸಮಯ ಬೇಕಿದ್ದರೆ ಮೊದಲ ಸುತ್ತಿನಿಂದ ಸಮವೇಗ ಹಿಡಿಯುವವರಿರುವ ಓಟ, ತಂಪಾದ ಹೊತ್ತು, ಗಾಳಿಯಿಲ್ಲದ ಸಂಜೆ ಹುಡುಕಿ. ಆ ದಿನ ನಿಮ್ಮ ಹೆಸರಿನ ಮುಂದೆ ಒಂದೇ ಸ್ಪರ್ಧೆ ಇರಲಿ. ನಿಮ್ಮನ್ನು ಮತ್ತೊಂದಕ್ಕೆ ಇಳಿಸುವವರು ಈಗ ಯಾರೂ ಇಲ್ಲ.

ಕೆಲಸದ ನಡುವೆ ಇದಕ್ಕೆಲ್ಲ ಬಿಡುವು ಎಲ್ಲಿ ಹೊಂದಿಸುವುದು ಎನ್ನಬಹುದು. 2018ರ ಬಾಸ್ಟನ್ ಮ್ಯಾರಥಾನ್ ಮಳೆ, ಚಳಿ, ಎದುರುಗಾಳಿಯ ನಡುವೆ ನಡೆಯಿತು. ಪುರುಷರಲ್ಲಿ ಗೆದ್ದ ಜಪಾನಿನ ಯೂಕಿ ಕವಾಉಚಿ ಆಗ ಸರ್ಕಾರಿ ನೌಕರ, ಶಾಲೆಯೊಂದರ ಕಚೇರಿಯಲ್ಲಿ ಪೂರ್ಣಾವಧಿ ಕೆಲಸ. ಮಹಿಳೆಯರಲ್ಲಿ ಎರಡನೆಯವರಾಗಿ ಬಂದ ಸಾರಾ ಸೆಲ್ಲರ್ಸ್ ಆಸ್ಪತ್ರೆಯಲ್ಲಿ ಅರಿವಳಿಕೆ ನೀಡುವ ನರ್ಸ್. ಕಾಲೇಜಿನಲ್ಲಿ ಓಡಿದವರು, ಪಾದದ ಗಾಯದಿಂದ ನರಳಿದವರು. ಅವರಿಗೆ ಅದು ಎರಡನೇ ಮ್ಯಾರಥಾನ್ ಅಷ್ಟೇ. ಇಬ್ಬರದೂ ಅಪರೂಪದ ಪ್ರತಿಭೆ, ಒಪ್ಪುತ್ತೇನೆ. ಆದರೆ ಕೆಲಸಕ್ಕೆ ಹೋಗುವವರು ಸ್ಪರ್ಧಿಗಳಾಗಿರಲಾರರು ಎಂಬ ಮಾತಂತೂ ನಿಲ್ಲುವುದಿಲ್ಲ. ನಿಮಗೆ ವಾರದಲ್ಲಿ ಐದು ದಿನ ಸಾಕು. ಒಂದು ದಿನ ಇಂಟರ್ವಲ್ (ನಡುನಡುವೆ ವಿರಾಮ ಕೊಟ್ಟು ವೇಗವಾಗಿ ಓಡುವುದು), ಒಂದು ದಿನ ಟೆಂಪೊ (ತುಸು ಕಷ್ಟವೆನಿಸುವ ಸಮವೇಗದಲ್ಲಿ ನಿಲ್ಲದೆ ಓಡುವುದು), ರಜೆಯ ದಿನ ದೀರ್ಘ ಓಟ, ಉಳಿದೆರಡು ದಿನ ಮಾತನಾಡುತ್ತಾ ಓಡಬಹುದಾದಷ್ಟು ನಿಧಾನ. ಹೀಗೆ ಕೆಲವು ತಿಂಗಳುಗಳಲ್ಲಿ 50, 55 ಕಿ.ಮೀ. ತಲುಪಿದರೆ ಹಳೆಯ ಸಮಯದ ಹತ್ತಿರ ಬರುವುದು ಅಸಾಧ್ಯವೇನಲ್ಲ. ನಿದ್ದೆ ಕದ್ದು ಓಡಬೇಡಿ. ತಡವಾಗಿ ಮಲಗಿದ ರಾತ್ರಿಯ ಮರುದಿನ ಅಭ್ಯಾಸ ಬಿಡಿ.

ಕೋಚ್ ಸಂದೇಶಕ್ಕೆ ಉತ್ತರಿಸಿ, ಹೋಗಿ. ಇಂಟರ್ವಲ್ ಅಭ್ಯಾಸವನ್ನು ಒಬ್ಬಂಟಿಯಾಗಿ ವರ್ಷಗಟ್ಟಲೆ ಮಾಡುವುದು ಬಹಳ ಕಷ್ಟ, ಜೊತೆಗಾರರಿರುವ ಅವಕಾಶವನ್ನು ಮುಜುಗರಕ್ಕೆ ಬಲಿಕೊಡಬೇಡಿ. ಆದರೆ ಅಲ್ಲಿನ ಹುಡುಗಿಯರ ಸಮಯಕ್ಕೆ ನಿಮ್ಮನ್ನು ಹೋಲಿಸಿಕೊಳ್ಳಬೇಡಿ. ಅವರ ದಿನ ಅಭ್ಯಾಸದ ಸುತ್ತ ಕಟ್ಟಿದ್ದು, ನಿಮ್ಮದು ಕೆಲಸದ ಸುತ್ತ. ಹಿಂದಿನ ಸಂಜೆಯ ಆ 10,000 ಮೀಟರಿನ ವಿಷಯ ನಿಮ್ಮೊಳಗೇ ಕೊಳೆಯುತ್ತಿದ್ದರೆ, ಒಮ್ಮೆ ಕೋಚ್ ಬಳಿಯೇ ಶಾಂತವಾಗಿ ಹೇಳಿಬಿಡಿ. ಅವರು ಒಪ್ಪಲಿ, ಬಿಡಲಿ, ನೀವು ಹೇಳಿದಂತಾಗುತ್ತದೆ.

ಅಪ್ಪ ಅಮ್ಮನಿಗೆ ಈಗಲೇ ವಾದ ಮಾಡಿ ಒಪ್ಪಿಸುವ ಅಗತ್ಯ ಕಾಣುವುದಿಲ್ಲ. ಅವರ ಪ್ರಶ್ನೆಯ ಹಿಂದೆ ನಿಮ್ಮ ಬಳಲಿದ ಮುಖವೂ ಇರಬಹುದು. ಊಟ, ಆರೋಗ್ಯ ಸರಿಯಾಗುತ್ತಾ ಬಂದಂತೆ ಆ ಆತಂಕ ಅರ್ಧ ಇಳಿಯುತ್ತದೆ.

ಸ್ಪರ್ಧಿಯೇ ಎಂದು ಕೇಳಿದ್ದೀರಿ. ಆರನೇ ಸ್ಥಾನವನ್ನು ಒಂದು ವರ್ಷದ ನಂತರವೂ ಮರೆಯಲಾಗದವರನ್ನು ನಾನು ಬೇರೇನೆಂದು ಕರೆಯಲಿ? ಬೆಳಿಗ್ಗೆ ಸುಮ್ಮನೆ ಓಡುವುದರಲ್ಲಿ ಕೀಳೇನೂ ಇಲ್ಲ, ಮುಂದೊಂದು ದಿನ ನಿಮಗೇ ಅದು ಸಾಕೆನಿಸಬಹುದು. ಈಗ ಸಾಕೆನಿಸಿಲ್ಲ ಎಂಬುದು ಪತ್ರದ ಪ್ರತಿ ಸಾಲಿನಲ್ಲೂ ಕಾಣುತ್ತದೆ.

ಕಟ್ಟಿದ ಹಣದ ವಿಷಯ: ಎಷ್ಟೋ ಮ್ಯಾರಥಾನ್‌ಗಳಲ್ಲಿ ಹೆಸರನ್ನು ಮುಂದಿನ ವರ್ಷಕ್ಕೆ ವರ್ಗಾಯಿಸಲು ಅಥವಾ ಕಡಿಮೆ ದೂರಕ್ಕೆ ಬದಲಿಸಲು ಅವಕಾಶವಿರುತ್ತದೆ, ಅದಕ್ಕೊಂದು ಕೊನೆಯ ದಿನಾಂಕವೂ ಇರುತ್ತದೆ. ಇಂದೇ ಬರೆದು ಕೇಳಿ. 10 ಕಿ.ಮೀ.ಗೆ ಬದಲಿಸಲು ಒಪ್ಪಿದರೂ ವೈದ್ಯರ ಮಾತು ಕೇಳಿಯೇ ಓಡಿ. ಯಾವುದಕ್ಕೂ ಒಪ್ಪದಿದ್ದರೆ ಆ ಹಣವನ್ನು ಬಿಟ್ಟುಬಿಡಿ.