ಹಳೇ ವರ್ಡ್, ನುಡಿಯಲ್ಲಿ ಬರೆದ ಕ್ರಯಪತ್ರ: ಹೊಸ ಆಫೀಸ್ ಹಾಕಿಸಲೇ?

ಪ್ರಶ್ನೆ: ಸರ್, ನಾನು ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಪತ್ರ ಬರೆಯುವವನು. ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್ 10, ಆಫೀಸ್ 2010 ಇದೆ. ಹದಿಮೂರು ವರ್ಷದ ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ ಎಲ್ಲವೂ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದು. ರಿಪೇರಿಗೆ ಬರುವ ಹುಡುಗ, "ಇದು ಓಬೀರಾಯನ ಕಾಲದ್ದು ಅಣ್ಣಾ, ವರ್ಷವರ್ಷ ದುಡ್ಡು ಕಟ್ಟೋ ಹೊಸ ಆಫೀಸ್ ಹಾಕಿಸ್ಕೊಳ್ಳಿ" ಅಂತಾನೆ. ನನ್ನ ಕೆಲಸವೇನೋ ಇದರಲ್ಲೇ ನಡೀತಿದೆ. ಹೊಸದು ಹಾಕಿಸಿದರೆ ಹಳೇ ಫೈಲುಗಳ ಗತಿ ಏನು?
— ಪತ್ರ ಬರಹಗಾರರು, ತಿಪಟೂರು

ಉತ್ತರ: ಹುಡುಗ ಹೇಳಿದ್ದರಲ್ಲಿ ಅರ್ಧ ಸರಿ. ಆಫೀಸ್ 2010ಕ್ಕೆ ಭದ್ರತೆಯ ತೇಪೆಗಳು, ಅಂದರೆ ಅಪ್‌ಡೇಟುಗಳು, ಬರುವುದು 2020ರ ಅಕ್ಟೋಬರ್ 13ಕ್ಕೇ ನಿಂತುಹೋಗಿದೆ. ನಿಮ್ಮ ಕಂಪ್ಯೂಟರಿಗೆ ನೆಟ್ ಇಲ್ಲದೆ, ನೀವು ಟೈಪ್ ಮಾಡಿದ್ದನ್ನು ನೀವೇ ಪ್ರಿಂಟ್ ತೆಗೆಯುತ್ತಿದ್ದರೆ ಹಾಗೇ ಬಿಡಿ ಅನ್ನುತ್ತಿದ್ದೆ. ಪಿಡಿಎಫ್ ಮಾಡಲಿಕ್ಕೂ ಆಫೀಸ್ 2010 ಸಾಕು. ಆದರೆ ಪಾರ್ಟಿಗಳು "ಸಾಮೀ, ಹಳೇ ಪತ್ರ ಕಳಿಸಿದೀನಿ, ಚಕ್ಕುಬಂದಿ ಇದರಿಂದ ತಗೊಳ್ಳಿ" ಅಂತ ವಾಟ್ಸಾಪಿನಲ್ಲೋ ಪೆನ್‌ಡ್ರೈವಿನಲ್ಲೋ ವರ್ಡ್ ಫೈಲು ತರುತ್ತಾರಲ್ಲ, ಅದನ್ನು ನೀವು ತೆರೆಯಲೇಬೇಕು. ವೈರಸ್ಸು ಬರುವುದು ಆ ದಾರಿಯಲ್ಲಿ. ವಿಂಡೋಸ್ 10ರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಬದಲಾಯಿಸಿ. ವರ್ಷವರ್ಷ ದುಡ್ಡು ಕಟ್ಟುವುದನ್ನೇ ತಗೋಬೇಕು ಅನ್ನುವುದು ಮಾತ್ರ ಸುಳ್ಳು.

ಹೀಗೆ ಬದಲಾಯಿಸಲು ಹೋಗಿ ನಾನೇ ಒಮ್ಮೆ ಪೇಚಿಗೆ ಸಿಕ್ಕಿದ್ದೇನೆ. ನಮ್ಮ ಮನೆಯದೇ ವಿಭಾಗಪತ್ರ, ವರ್ಡ್ 2003ರಲ್ಲಿ ಹನ್ನೊಂದು ಪುಟಕ್ಕೆ ಅಚ್ಚುಕಟ್ಟಾಗಿ ಕೂತಿತ್ತು. ಅದರ ಮಧ್ಯೆ ವರ್ಡ್ 2013 ಹಾಕಿಸಿಕೊಂಡೆ. ಹೊಸ ರೂಪಕ್ಕೆ ಬದಲಿಸಲೇ ಎಂದು ಅದು ಕೇಳಿತು, ಹೂಂ ಅಂದೆ. ಪ್ರಿಂಟ್ ತೆಗೆದರೆ ರುಜು ಹಾಕುವ ಗೆರೆಗಳು ಮಾತ್ರ ಹನ್ನೆರಡನೇ ಪುಟದಲ್ಲಿ ಒಂಟಿಯಾಗಿ ನಿಂತಿದ್ದವು, ಮೇಲೊಂದು ಅಕ್ಷರವಿಲ್ಲ. ನಮ್ಮ ದೊಡ್ಡಪ್ಪ ಪೆನ್ನು ಕೆಳಗಿಟ್ಟು, "ಖಾಲಿ ಹಾಳೆಗೆ ರುಜು ಹಾಕಿಸ್ಕೊಳ್ತೀಯೇನೋ?" ಅಂದರು. ಆವತ್ತು ಪಾಲಾಗಲಿಲ್ಲ. ತಪ್ಪು ನನ್ನದೇ: ರುಜುವಿನ ಜಾಗ ಕೆಳಗಿಳಿಸಲು ಎಂಟು ಸಲ ಎಂಟರ್ ಒತ್ತಿದ್ದೆ. ಕಂಟ್ರೋಲ್ ಹಿಡಿದು ಒಂದೇ ಸಲ ಎಂಟರ್ ಒತ್ತಿದ್ದರೆ ಪುಟ ನಾನು ಹೇಳಿದಲ್ಲೇ ಮುರಿಯುತ್ತಿತ್ತು. ನಿಮ್ಮ ಫೈಲುಗಳನ್ನು ಹೊಸ ವರ್ಡಿನಲ್ಲಿ ತೆರೆದಾಗ ಮೇಲಿನ ಪಟ್ಟಿಯಲ್ಲಿ 'ಕಂಪ್ಯಾಟಿಬಿಲಿಟಿ ಮೋಡ್' ಅಂತ ಕಾಣುತ್ತದೆ. ಫೈಲು ಹಳೇ ರೂಪದ್ದು ಅನ್ನುವ ಗುರುತು ಅದು, ಕಾಣಲಿ ಬಿಡಿ. 'ಕನ್ವರ್ಟ್' ಒತ್ತಲು ಮಾತ್ರ ಹೋಗಬೇಡಿ.

ನಿಮ್ಮ ನಿಜವಾದ ತಲೆನೋವು ವರ್ಡ್ ಅಲ್ಲ, ನುಡಿ. ಹಳೇ ನುಡಿ ಫಾಂಟಿನಲ್ಲಿ ಬರೆದ ಫೈಲಿನೊಳಗೆ ಕನ್ನಡವೇ ಇರುವುದಿಲ್ಲ. ನಿಮಗೆ 'ಕ' ಎಂದು ಕಾಣುವುದು ಒಳಗೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೀಟಿರುವ ಎ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ, ಅಷ್ಟೆ. ಹೊಸ ಕಂಪ್ಯೂಟರಿಗೆ ಆ ಫಾಂಟುಗಳನ್ನು ಹಾಕಿಸಿದರೆ ಹದಿಮೂರು ವರ್ಷದ ಪತ್ರಗಳೂ ಮೊದಲಿನಂತೆಯೇ ಕಾಣುತ್ತವೆ. ಇನ್ನೊಂದು ಕಾಟವಿದೆ. ವಾಕ್ಯದ ಮೊದಲ ಅಕ್ಷರವನ್ನು ವರ್ಡ್ ತಾನೇ ದೊಡ್ಡದು ಮಾಡುತ್ತದಲ್ಲ, ಆ ಆಟೊ ಕರೆಕ್ಟ್ ಹೊಸದರಲ್ಲಿ ಮತ್ತೆ ಚಾಲೂ ಆಗಿರುತ್ತದೆ. ನುಡಿ ಫೈಲಿನೊಳಗೆ ಇಂಗ್ಲಿಷಿನ ಚಿಕ್ಕ ವಿ ಅಂದರೆ 'ತ', ದೊಡ್ಡ ವಿ ಅಂದರೆ 'ಗಿ'. 'ತಮ್ಮ' ಅಂತ ಶುರುಮಾಡಿದ ವಾಕ್ಯ ಏನಾಗುತ್ತದೋ ನೀವೇ ಊಹಿಸಿ! ಮೊದಲ ದಿನವೇ ಅದನ್ನು ಆಫ್ ಮಾಡಿಸಿ.

ಇನ್ನು ಮುಂದಿನ ಪತ್ರಗಳನ್ನು ಯೂನಿಕೋಡಿನಲ್ಲಿ, ಅಂದರೆ ಫೈಲಿನೊಳಗೂ ಕನ್ನಡವೇ ಇರುವ ಕ್ರಮದಲ್ಲಿ, ಬರೆಯಿರಿ. ನಿಮ್ಮ ಈಗಿನ 2010ರಲ್ಲೇ ಅದು ನಡೆಯುತ್ತದೆ, ಇವತ್ತೇ ಶುರುಮಾಡಬಹುದು. ಊರಿನ ಹೆಸರನ್ನು ಕನ್ನಡದಲ್ಲೇ ಹೊಡೆದು ಫೈಲು ಹುಡುಕುವ ಸುಖ ಆಮೇಲೆ ಗೊತ್ತಾಗುತ್ತದೆ. ಹಳೆಯದನ್ನೆಲ್ಲ ಒಟ್ಟಿಗೆ ಯೂನಿಕೋಡಿಗೆ ಪರಿವರ್ತನೆ ಮಾಡಲು ಹೋಗಬೇಡಿ. ಇಡೀ ಫೈಲನ್ನು ಪರಿವರ್ತಕಕ್ಕೆ ಕೊಟ್ಟರೆ ನಡುವೆ ಇರುವ ಪ್ಯಾನ್ ನಂಬರಿನ ಇಂಗ್ಲಿಷ್ ಅಕ್ಷರಗಳನ್ನೂ ಅದು ನುಡಿ ಎಂದೇ ತಿಳಿದು ಕನ್ನಡ ಮಾಡಿಬಿಡುತ್ತದೆ. ಬೇಕಾದ ಮಾದರಿ ಪತ್ರ ನಾಲ್ಕೈದನ್ನು ಮಾತ್ರ ಬದಲಿಸಿ, ಕೂತು ತಿದ್ದಿಕೊಳ್ಳಿ.

ಕೊಳ್ಳುವುದಾದರೆ ಒಂದೇ ಸಲ ದುಡ್ಡು ಕೊಟ್ಟು ತಗೊಳ್ಳುವ ಆಫೀಸ್ 2024 ನೋಡಿ. ಒಂದು ಕಂಪ್ಯೂಟರಿಗೆ ಒಂದು, 2029ರ ಅಕ್ಟೋಬರ್ 9ರವರೆಗೆ ತೇಪೆ ಬರುತ್ತದೆ. ವರ್ಷದ ಚಂದಾದ್ದರಲ್ಲಿ ಕಟ್ಟುವುದು ನಿಲ್ಲಿಸಿದರೆ ಫೈಲು ನೋಡಬಹುದು, ಪ್ರಿಂಟ್ ತೆಗೆಯಬಹುದು, ತಿದ್ದುವಂತಿಲ್ಲ. ದಿನಾ ತಿದ್ದುವುದೇ ಕಸುಬಾದ ನಿಮಗೆ ಅದು ಬೇಡ. ದುಡ್ಡೇ ಬೇಡವೆಂದರೆ ಲಿಬ್ರೆ ಆಫೀಸ್ ಇದೆ, ಪೂರ್ತಿ ಉಚಿತ. ಷೆಡ್ಯೂಲಿನ, ಅಂದರೆ ಆಸ್ತಿ ವಿವರದ, ಟೇಬಲ್ಲುಗಳು ಅದರಲ್ಲಿ ಒಂಚೂರು ಅತ್ತಿತ್ತ ಸರಿಯಬಹುದು. ಒಂದು ದೊಡ್ಡ ಪತ್ರ ತೆರೆದು ನೋಡಿಯೇ ತೀರ್ಮಾನಿಸಿ.

ಹುಡುಗನನ್ನು ಒಂದು ಮಾತು ಕೇಳಿ: ಬಿಲ್ ಕೊಡ್ತೀಯಾ? "ಆಂಟಿವೈರಸ್ ಐದು ನಿಮಿಷ ಆಫ್ ಮಾಡ್ತೀನಿ, ಪುಕ್ಕಟೆ ಆಕ್ಟಿವೇಟ್ ಮಾಡ್ಕೊಡ್ತೀನಿ" ಅಂದರೆ ಕಾಫಿ ಕುಡಿಸಿ ಕಳಿಸಿ. ಯಾವ ಭಯಕ್ಕೆ ಹಳೆಯದನ್ನು ತೆಗೆಸುತ್ತಿದ್ದೀರೋ ಅದನ್ನೇ ಕೈಯಾರೆ ಒಳಗೆ ಬಿಟ್ಟುಕೊಂಡಂತೆ.

ಎಲ್ಲ ಫೈಲುಗಳ ಜೊತೆ ನುಡಿ ಫಾಂಟುಗಳನ್ನೂ ಹಾರ್ಡ್‌ಡಿಸ್ಕಿಗೆ ಹಾಕಿ ಮನೆಯಲ್ಲಿಡಿ. ಆಮೇಲೆ ಆಷಾಢ ಬರಲಿ, ಆಗ ಬದಲಾಯಿಸಿ. ಹೇಗೂ ಕ್ರಯಕ್ಕೆ ಬರುವವರು ಕಡಿಮೆ, ಪತ್ರ ಒಂದು ದಿನ ತಡವಾದರೂ ಯಾರೂ ಬೈಯುವುದಿಲ್ಲ.