ದೆಹಲಿ ವರ್ಗದ ಹಡಗಿಗೆ ಹತ್ತು ವರ್ಷ ಏಕೆ ಹಿಡಿಯಿತು?

'ಐಎನ್‌ಎಸ್ ಮೈಸೂರು ಸೇರಿರುವ ದೆಹಲಿ ವರ್ಗದ ಮೊದಲ ಹಡಗನ್ನು ಕಟ್ಟಲು ಹತ್ತು ವರ್ಷ ಹಿಡಿದದ್ದೇಕೆ, ಅದು ನಮ್ಮ ಅಸಾಮರ್ಥ್ಯವಲ್ಲವೇ' ಎಂದು ತಾವು ಕೇಳಿದ್ದೀರಿ. ವಿಳಂಬವಾದದ್ದು ನಿಜ, ಆದರೆ ಅದನ್ನು ಅಸಾಮರ್ಥ್ಯವೆಂದು ಕರೆಯಲು ನಾನು ಒಪ್ಪುವುದಿಲ್ಲ.

ಆ ಮೊದಲ ಹಡಗಾದ ಐಎನ್‌ಎಸ್ ದೆಹಲಿಯ ನಿರ್ಮಾಣ ಮುಂಬೈನ ಮಜಗಾಂವ್ ಹಡಗುಕಟ್ಟೆಯಲ್ಲಿ 1987ರ ನವೆಂಬರಿನಲ್ಲಿ ಆರಂಭವಾಯಿತು. 1991ರ ಫೆಬ್ರುವರಿಯಲ್ಲಿ ಅದು ನೀರಿಗಿಳಿಯಿತು. ಸುಮಾರು 163 ಮೀಟರ್ ಉದ್ದದ, 6,000 ಟನ್ನಿಗೂ ಮಿಕ್ಕ ತೂಕದ ಇಷ್ಟು ದೊಡ್ಡ ಯುದ್ಧನೌಕೆಯನ್ನು ಭಾರತ ಅದಕ್ಕೆ ಮೊದಲು ಕಟ್ಟಿರಲಿಲ್ಲ. ಅದೇ ವರ್ಷದ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಹಡಗಿನ ಗ್ಯಾಸ್ ಟರ್ಬೈನುಗಳು ಬರಬೇಕಿದ್ದದ್ದು ಉಕ್ರೇನಿನಿಂದ, ಕ್ಷಿಪಣಿಗಳು ರಷ್ಯಾದಿಂದ; ಒಂದೇ ಸರ್ಕಾರದೊಡನೆ ಮಾತನಾಡಿ ಪಡೆಯುತ್ತಿದ್ದ ಸಾಮಗ್ರಿಗೆ ಈಗ ಬೇರೆ ಬೇರೆ ದೇಶಗಳ ಬಾಗಿಲು ತಟ್ಟಬೇಕಾಯಿತು. ಈ ಹಡಗುಗಳಿಗೆ ಆಗ ಮುಖ್ಯ ಅಸ್ತ್ರವಾಗಿದ್ದ, ಶತ್ರು ಹಡಗುಗಳನ್ನು ಹೊಡೆಯುವ ಯುರಾನ್ ಕ್ಷಿಪಣಿಯಂತೂ ರಷ್ಯಾದ ನೌಕಾಪಡೆಗಿಂತ ಮೊದಲೇ ನಮ್ಮಲ್ಲಿ ಸೇವೆಗೆ ಬಂತು. ಹೀಗೆ ದೆಹಲಿ 1997ರ ನವೆಂಬರ್ 15ರಂದು, ಮೈಸೂರು 1999ರ ಜೂನಿನಲ್ಲಿ, ಮುಂಬೈ 2001ರ ಜನವರಿಯಲ್ಲಿ ನೌಕಾಪಡೆಯನ್ನು ಸೇರಿದವು.

ನೌಕಾ ಸಪ್ತಾಹದಲ್ಲಿ ಸಾರ್ವಜನಿಕರಿಗೆ ಪ್ರವೇಶವಿದ್ದಾಗ ಈ ವರ್ಗದ ಹಡಗೊಂದನ್ನು ನಾನು ಹತ್ತಿ ನೋಡಿದ್ದೇನೆ. ಚಾಲನಾ ಕೊಠಡಿಯ ಎರಡೂ ಮಗ್ಗುಲಲ್ಲಿ ಯುರಾನ್ ಕ್ಷಿಪಣಿಯ ಕೊಳವೆಗಳು ನಾಲ್ಕು ನಾಲ್ಕಾಗಿ, ಒಟ್ಟು ಹದಿನಾರು, ಮುಂದಕ್ಕೆ ಬಾಯಿ ಎತ್ತಿಕೊಂಡು ನಿಂತಿದ್ದವು. ಅವುಗಳ ಬುಡದಲ್ಲಿ ನಿಂತು ಮೇಲೆ ನೋಡಿದಾಗಲೇ ಹಡಗಿನ ಗಾತ್ರ ನನ್ನ ಅರಿವಿಗೆ ಬಂದದ್ದು.

ಕನ್ನಡಿಗರಾದ ನಮಗೆ ಮೈಸೂರಿನ ಬಗ್ಗೆ ಇನ್ನಷ್ಟು ಅಕ್ಕರೆ ಇರುವುದು ಸಹಜ. ಅದರ ಲಾಂಛನ ನಮ್ಮ ಗಂಡಭೇರುಂಡ. ಧ್ಯೇಯವಾಕ್ಯ ತೈತ್ತಿರೀಯ ಉಪನಿಷತ್ತಿನ 'ನ ಬಿಭೇತಿ ಕದಾಚನ', ಅಂದರೆ ಎಂದಿಗೂ ಅಂಜದವನು. ಇದೇ ಹೆಸರಿನ ಹಿಂದಿನ ಕ್ರೂಸರ್ ನೌಕೆ 1957ರಿಂದ 1985ರವರೆಗೆ ಸೇವೆಯಲ್ಲಿತ್ತು, 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿತ್ತು. ಈಗಿನ ಮೈಸೂರು 2008ರ ಡಿಸೆಂಬರಿನಲ್ಲಿ ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯಾದ ಸರಕು ಹಡಗೊಂದರ ಮೊರೆ ಕೇಳಿ ಧಾವಿಸಿ, 23 ಕಡಲ್ಗಳ್ಳರನ್ನು ಸೆರೆಹಿಡಿಯಿತು.

ಸೋವಿಯತ್ ಪತನವೊಂದನ್ನೇ ಹೊಣೆ ಮಾಡುವುದೂ ಸರಿಯಲ್ಲ. ಈ ವಿನ್ಯಾಸದಿಂದಲೇ ಬೆಳೆದ ಮುಂದಿನ ವರ್ಗದ ಕೋಲ್ಕತ್ತಾ ನೌಕೆಯ ಕೆಲಸ 2003ರಲ್ಲಿ ಆರಂಭವಾಗಿ 2014ರಲ್ಲಿ ಮುಗಿಯಿತು. ಅಲ್ಲಿ ಉಕ್ಕಿನಿಂದ ಕ್ಷಿಪಣಿಯವರೆಗೆ ಎಲ್ಲವೂ ತಡವಾದವು. ಅದರ ನಂತರದ ವರ್ಗದ ಮೊದಲ ಹಡಗಾದ ವಿಶಾಖಪಟ್ಟಣಕ್ಕೆ ಎಂಟು ವರ್ಷ ಹಿಡಿಯಿತು. ಅದೇ ವರ್ಗದ ನಾಲ್ಕನೆಯ ಹಡಗಾದ ಸೂರತ್‌ನ ಕೆಲಸವನ್ನು 2019ರ ನವೆಂಬರಿನಲ್ಲಿ ಅದೇ ಮಜಗಾಂವ್ ಕಟ್ಟೆಯಲ್ಲಿ ಆರಂಭಿಸಿ, 2025ರ ಜನವರಿ 15ರಂದು ನೌಕಾಪಡೆಗೆ ಸೇರಿಸಲಾಯಿತು.