ಚಿತ್ರದುರ್ಗದ ಗುಡ್ಡದ ಗಾಳಿಯಂತ್ರಗಳು ಬೇಸಿಗೆಯಲ್ಲಿ ನಿಂತೇ ಇರುತ್ತವಲ್ಲ, ಕೆಟ್ಟು ಹೋಗಿವೆಯೇ?

ಇಲ್ಲ, ಬಹುಪಾಲು ಗಾಳಿ ಸಾಲದೆ ನಿಂತಿರುತ್ತವೆ. ಇಲ್ಲಿನ ಜೋಗಿಮಟ್ಟಿ ಬೆಟ್ಟಸಾಲಿಗೆ ಜೋರು ಗಾಳಿ ಬರುವುದು ಮುಂಗಾರಿನ ಜೊತೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಳೆಯನ್ನೆಲ್ಲ ಘಟ್ಟದಲ್ಲೇ ಸುರಿಸಿ ಬರುವ ಆ ಮಾರುತ ನಮ್ಮ ಬಯಲುಸೀಮೆಗೆ ನೀರು ಕಡಿಮೆ ಕೊಟ್ಟರೂ ಗಾಳಿಯನ್ನು ಧಾರಾಳವಾಗಿ ಕೊಡುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲೂ ಅಷ್ಟಿಷ್ಟು ಗಾಳಿ ಇದೆಯಲ್ಲ ಅನ್ನಿಸಬಹುದು. ಆದರೆ ಗಾಳಿಯ ವೇಗ ಅರ್ಧಕ್ಕಿಳಿದರೆ ಅದರಲ್ಲಿರುವ ಶಕ್ತಿ ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದು ಪಾಲಾಗುತ್ತದೆ! ಸೆಕೆಂಡಿಗೆ 8 ಮೀಟರ್ ಬೀಸುತ್ತಿದ್ದದ್ದು 4ಕ್ಕೆ ಬಂತೆಂದರೆ ಕರೆಂಟ್ ಹೆಸರಿಗಷ್ಟೇ. ಸುಮಾರು 3 ಮೀಟರ್‌ಗಿಂತ ಕೆಳಗೆ ಹೆಚ್ಚಿನ ಯಂತ್ರಗಳು ಏನೂ ಉತ್ಪಾದಿಸುವುದಿಲ್ಲ. ಆಗ ರೆಕ್ಕೆಗಳ ಅಂಚನ್ನೇ ಗಾಳಿಗೆ ಒಡ್ಡಿ ನಿಲ್ಲಿಸಿರುತ್ತಾರೆ. ಹೆದ್ದಾರಿಯಿಂದ ನೋಡಿದರೆ ರೆಕ್ಕೆ ತೆಳ್ಳಗೆ ಕಾಣುತ್ತದೆ.

ಬೇಸಿಗೆಯ ಹಗಲಿನ ಕೊರತೆಯನ್ನು ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್‌ನಂಥವು ತುಂಬುತ್ತವೆ. ಹಾಗಾಗಿ ಎಲೆಕ್ಟ್ರಿಕ್ ಸ್ಕೂಟರ್ ಇರುವವರು ಈ ತಿಂಗಳುಗಳಲ್ಲಿ ದಯವಿಟ್ಟು ಮಧ್ಯಾಹ್ನವೇ ಚಾರ್ಜಿಗೆ ಹಾಕಿ. ರಾತ್ರಿ ಹಾಕಿದರೆ ರಾಯಚೂರು, ಬಳ್ಳಾರಿಯ ಸ್ಥಾವರಗಳ ಕಲ್ಲಿದ್ದಲು ಕರೆಂಟಿನ ಪಾಲು ಹೆಚ್ಚು. ಮುಂಗಾರಿನಲ್ಲಿ ಈ ಕಟ್ಟುಪಾಡು ಅಷ್ಟಾಗಿ ಬೇಕಿಲ್ಲ, ಗಾಳಿ ರಾತ್ರಿಯೂ ಬೀಸುತ್ತದೆ.